ನಾಯಿ ವರ್ಷದ ಪಿಲ್ನಾಮ್ ಮತ್ತು ಹೊಸ ರೈಲು

ಬ್ಯೊಲ್ಮಾರು ಲ್ಯಾಂಡ್ ಎಂಬ ಆಟದ ಪಾರ್ಕಿನ ತಿರುಗು ಕುದುರೆಗಳ ಮುಖ ಒರೆಸುವುದರಿಂದ ತಾಕ್ ಪಿಲ್ನಾಮ್ ಅವರ ದಿನ ಶುರುವಾಗುತ್ತದೆ. ಬಾಲ, ತಡಿ, ಕಾಲು ಎಲ್ಲ ಆಮೇಲೆ. ವಸಂತದಲ್ಲಿ ಉತ್ತರದಿಂದ ಬೀಸುವ ಹಳದಿ ಧೂಳು ರಾತ್ರಿಯ ಇಬ್ಬನಿಗೆ ಅಂಟಿ, ಬೆಳಗಾಗುವ ಹೊತ್ತಿಗೆ ಕುದುರೆಗಳ ಕಣ್ಣುಗಳೆಲ್ಲ ಮಂಕಾಗಿರುತ್ತವೆ. ಏಪ್ರಿಲ್ ತಿಂಗಳ ಆ ಬೆಳಿಗ್ಗೆ ಬಿಳಿ ಕುದುರೆಯ ಮೂಗಿನ ಮೇಲೆ ಬಟ್ಟೆಯಿಟ್ಟವರು ಅಲ್ಲೇ ನಿಂತುಬಿಟ್ಟರು. ಎದುರಿನ ಗುಡ್ಡದ ಬದಿಯಲ್ಲಿ ಕ್ರೇನು ಕೆಂಪು ಹಳಿಯ ತುಂಡೊಂದನ್ನು ಎತ್ತುತ್ತಿತ್ತು. ಬಾಗಿದ ಆ ತುಂಡು ಗಾಳಿಯಲ್ಲಿ ನಿಧಾನಕ್ಕೆ ತಿರುಗಿ, ಎಲ್ಲಕ್ಕಿಂತ ಎತ್ತರದ ಕಂಬದ ತಲೆಯ ಮೇಲೆ ಕೂತಿತು.

"ಚಿಕ್ಕಮ್ಮ, ಕುದುರೆಗೆ ಉಸಿರು ಕಟ್ಟತ್ತೆ. ಎಷ್ಟೊತ್ತು ಅದರ ಮೂಗು ಹಿಡ್ಕೊಂಡಿರ್ತೀರಿ?"

ಹಿಂದೆ ಸೆಬೊಮ್ ನಿಂತಿದ್ದಳು. ಎರಡು ಕಾಗದದ ಲೋಟಗಳಲ್ಲಿ ಸಿಹಿ ಕಾಫಿ ಹಿಡಿದಿದ್ದಳು. ಮೂವತ್ತರ ಆಸುಪಾಸಿನ ಈ ಹುಡುಗಿ ಪಾರ್ಕಿನ ಹೊಸ ರೋಲರ್ ಕೋಸ್ಟರಿಗೆ ಪ್ಲಾಟ್‌ಫಾರಂ ಮುಖ್ಯಸ್ಥೆಯಾಗಿ ನೇಮಕವಾದವಳು. ಕೆಲಸ ಕಲಿತದ್ದು ಪಿಲ್ನಾಮ್ ಅವರ ಕೈಕೆಳಗೆ, ಚಿಕ್ಕಮ್ಮ ಎನ್ನುವುದು ಆ ಸಲಿಗೆಗೆ.

"ಯಾವಾಗಂತೆ?" ಎಂದರು ಪಿಲ್ನಾಮ್, ಕಣ್ಣು ಗುಡ್ಡದ ಮೇಲೇ ಇಟ್ಟು.

"ಮಕ್ಕಳ ದಿನಕ್ಕೆ ಅಂತ ಹೇಳ್ತಿದಾರೆ. ಮೇ ಐದು."

"ಯಾರು ಹೇಳಿದ್ದು?"

"ನಿರ್ದೇಶಕರು."

"ಹಾಗಾದ್ರೆ ಆಗಲ್ಲ," ಎಂದು ಅವರು ಕುದುರೆಯ ಎರಡನೇ ಕಣ್ಣು ಒರೆಸತೊಡಗಿದರು. "ಆದ್ರೂ ಪರವಾಗಿಲ್ಲ. ನನಗೆ ನವೆಂಬರ್‌ವರೆಗೆ ಟೈಮ್ ಇದೆ."

ಹೊಸ ಕೋಸ್ಟರಿನ ಹೆಸರು 'ಸುಂಟರಗಾಳಿ'. ಅದು ಎದ್ದು ನಿಲ್ಲುತ್ತಿದ್ದ ಜಾಗದಲ್ಲಿ ಮೊದಲು 'ನೀಲಿ ಡ್ರ್ಯಾಗನ್' ಎಂಬ ಹಳೆಯ ಕೋಸ್ಟರ್ ಇತ್ತು. ಪಿಲ್ನಾಮ್ ಅದರ ಪ್ಲಾಟ್‌ಫಾರಂ ಮೇಲೆ ಇಪ್ಪತ್ತೇಳು ವರ್ಷ ನಿಂತವರು. ಟೋಪಿ ಕೆಳಗಿಡಿಸುವುದು, ಸಡಿಲ ಚಪ್ಪಲಿ ಬಿಚ್ಚಿಸುವುದು, ಎದೆಯ ಮೇಲಿನ ಕಂಬಿ ಬಿಗಿಯಾಗಿದೆಯೇ ಎಂದು ಒಬ್ಬೊಬ್ಬರದನ್ನೂ ಎಳೆದು ನೋಡುವುದು, ಕೊನೆಗೆ ರೈಲು ತಿರುವಿನಲ್ಲಿ ಮರೆಯಾಗುವವರೆಗೆ ಎರಡೂ ಕೈ ಎತ್ತಿ ಬೀಸುವುದು. ಎರಡು ನಿಮಿಷಕ್ಕೆ ಅದೇ ಜನ ವಾಪಸ್ಸು ಬರುತ್ತಿದ್ದರು, ಆದರೆ ಹೋದ ಮುಖದಲ್ಲಲ್ಲ. ಕೆಲವರು ಅಳುತ್ತ ಹೋಗಿ ನಗುತ್ತ ಬರುತ್ತಿದ್ದರು. ಜಗಳವಾಡುತ್ತ ಹತ್ತಿದ ಗಂಡ ಹೆಂಡತಿ ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ಇಳಿಯುತ್ತಿದ್ದರು. ಮೇಲೆ ಏನಾಗುತ್ತದೆ ಎಂದು ಪಿಲ್ನಾಮ್ ಅವರಿಗೆ ಗೊತ್ತಿರಲಿಲ್ಲ, ಏಕೆಂದರೆ ಅವರು ಒಮ್ಮೆಯೂ ಹತ್ತಿರಲಿಲ್ಲ.

ಹೆದರಿಕೆಯೇನೂ ಇರಲಿಲ್ಲ. ಪ್ಲಾಟ್‌ಫಾರಂ ಮೇಲೆ ಯಾರಾದರೂ ನಿಲ್ಲಲೇಬೇಕಿತ್ತು. ರಜೆಯ ದಿನ ಗಂಡನ ಪರ್ಸಿಮನ್ ಹಣ್ಣಿನ ತೋಟದಲ್ಲಿ ಕೆಲಸವಿರುತ್ತಿತ್ತು. ನಾಳೆ ಹತ್ತಿದರಾಯಿತು, ರೈಲೇನು ಓಡಿಹೋಗುತ್ತದೆಯೇ ಎನ್ನುತ್ತ ಇದ್ದರು. ಹಾಗೆನ್ನುತ್ತಲೇ ವಯಸ್ಸು ಐವತ್ತೈದಾಯಿತು. ಅವರ ಪಕ್ಕದಲ್ಲೇ ಇದ್ದ ಬೋರ್ಡಿನಲ್ಲಿ 'ಐವತ್ತೈದು ತುಂಬಿದವರಿಗೆ ಪ್ರವೇಶವಿಲ್ಲ' ಎಂದು ಬರೆದಿತ್ತು. ಆಮೇಲಿನ ವರ್ಷಗಳಲ್ಲಿ ಅವರು ತಾವೂ ಹತ್ತಲಾಗದ ರೈಲಿಗೆ ಕೈ ಬೀಸಿದರು. ಒಂದು ಚಳಿಗಾಲದಲ್ಲಿ ತಪಾಸಣೆಗೆಂದು ನಿಂತ ನೀಲಿ ಡ್ರ್ಯಾಗನ್ ವಸಂತ ಬಂದರೂ ಹೊರಡಲಿಲ್ಲ. ಪಾರ್ಕಿನವರು ಪಿಲ್ನಾಮ್ ಅವರ ಕೈಗೆ ಬಕೆಟ್ಟು, ಬಟ್ಟೆ ಕೊಟ್ಟು ಕುದುರೆಗಳ ಕಡೆಗೆ ಕಳಿಸಿದರು.

ಸುಂಟರಗಾಳಿಯ ಬೋರ್ಡಿನಲ್ಲಿ ಆ ಮಿತಿಯನ್ನು ಅರವತ್ತೈದಕ್ಕೆ ಏರಿಸಲಾಗಿತ್ತು. ಸೀಟು ಮೆತ್ತಗಿದೆ, ಕುತ್ತಿಗೆಗೆ ಏಟು ಬೀಳುವುದಿಲ್ಲ ಎಂದು ಪಾರ್ಕು ಕಾರಣ ಕೊಟ್ಟಿತು. ಊರಿನವರ ಕಾರಣ ಬೇರೆ: ಐವತ್ತೈದು ದಾಟದವರನ್ನು ಈ ಕಡೆ ಹುಡುಕಲು ದೀಪ ಹಿಡಿಯಬೇಕು.

ಗುರುತಿನ ಚೀಟಿಯ ಪ್ರಕಾರ ಪಿಲ್ನಾಮ್ ಅವರಿಗೆ ಅರವತ್ತೈದು ತುಂಬುವುದು ಆ ವರ್ಷದ ನವೆಂಬರಿನಲ್ಲಿ. ಊರಿನ ಪ್ರಕಾರ ಅದು ತುಂಬಿ ಎರಡು ವರ್ಷವಾಗಿತ್ತು. ಅವರಿಗಿಂತ ಮೊದಲು ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು ಉಳಿದಿರಲಿಲ್ಲ. ಈ ಮೂರನೆಯದು ಉಳಿಯುತ್ತದೋ ಇಲ್ಲವೋ ನೋಡೋಣವೆಂದು ಅಪ್ಪ ಹೆಸರು ಬರೆಸಲು ಹೋಗಲೇ ಇಲ್ಲ. ಮಗು ಓಡಾಡತೊಡಗಿದ ಮೇಲೆ, ಸಂತೆಗೆ ಎತ್ತು ಹೊಡೆದುಕೊಂಡು ಹೋದ ದಿನ ಹಾಗೇ ಕಚೇರಿಗೆ ಹೋದ. ತಡವಾಗಿದ್ದಕ್ಕೆ ದಂಡ ಬೀಳದಿರಲಿ ಎಂದು ಮಗು ಅದೇ ವಾರ ಹುಟ್ಟಿದ್ದೆಂದು ಬರೆಸಿದ. ಮುಂದಿನದಾದರೂ ಗಂಡಾಗಲಿ ಎಂಬ ಆಸೆಗೆ ಹೆಸರು ಪಿಲ್ನಾಮ್, ಅಂದರೆ 'ಗಂಡೇ ಆಗಬೇಕು' ಎಂದಿಟ್ಟ. ಮುಂದಿನದೂ ಹೆಣ್ಣೇ ಆಯಿತು.

ಹೀಗೆ ಅವರು ಹುಟ್ಟಿದ್ದು ನಾಯಿ ವರ್ಷದಲ್ಲಿ, ಚೀಟಿಯಲ್ಲಿರುವುದು ಇಲಿ ವರ್ಷ.

ಇದು ಸಣ್ಣ ಸಂಗತಿಯಲ್ಲ, ಯಾಕೆಂದರೆ ಪಿಲ್ನಾಮ್ ವಯಸ್ಸು ಹಿಡಿಯುತ್ತಿದ್ದದ್ದೇ ಪ್ರಾಣಿಯಿಂದ. ವಯಸ್ಸು ಮುಚ್ಚಿಟ್ಟು ರೈಲು ಹತ್ತಲು ಬರುವವರು ಕೂದಲಿಗೆ ಬಣ್ಣ ಹಚ್ಚಿರುತ್ತಾರೆ, ಸುಳ್ಳು ವಯಸ್ಸನ್ನು ಬಾಯಿಪಾಠ ಮಾಡಿರುತ್ತಾರೆ. ಚೀಟಿ ಕೇಳಿದರೆ ಮನೆಯಲ್ಲಿ ಬಿಟ್ಟುಬಂದೆ ಎನ್ನುತ್ತಾರೆ. ಪಿಲ್ನಾಮ್ ಚೀಟಿ ಕೇಳುತ್ತಿರಲಿಲ್ಲ. ಕಂಬಿ ಎಳೆದು ನೋಡುತ್ತ, ಮಾತಿಗೆ ಮಾತು ಎಂಬಂತೆ, "ಯಾವ ಪ್ರಾಣಿ?" ಎನ್ನುತ್ತಿದ್ದರು. ಹುಟ್ಟಿದ ವರ್ಷಕ್ಕೊಂದು ಪ್ರಾಣಿ, ಹನ್ನೆರಡು ವರ್ಷಕ್ಕೆ ಹನ್ನೆರಡು; ಪ್ರಾಣಿ ತಿಳಿದರೆ ವಯಸ್ಸು ಲೆಕ್ಕಕ್ಕೆ ಸಿಗುತ್ತದೆ. ಮದುವೆ ಕೂಡಿಸುವಾಗ, ಜಗಳದಲ್ಲಿ, ಊಟದ ಮನೆಯಲ್ಲಿ ಚಿಕ್ಕಂದಿನಿಂದ ಹೇಳಿ ಹೇಳಿ ರೂಢಿಯಾದ ಉತ್ತರ ಅದು. ಸುಳ್ಳಿಗೆ ತಯಾರಾದ ನಾಲಿಗೆಯೂ ಅಲ್ಲಿ ತಪ್ಪದೆ ನಿಜ ಹೇಳಿಬಿಡುತ್ತಿತ್ತು.

ಹಾಗೆ ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ನಕ್ಕು ಇಳಿದುಹೋದರು. ಇಳಿದು ಮರೆಯದವರು ಒಬ್ಬರೇ: ಪಾರ್ಕಿನ ಗೇಟಿನೆದುರು ಕ್ಷೌರದಂಗಡಿ ಇಟ್ಟುಕೊಂಡಿರುವ ಪ್ಯೊ ದಾಲ್ಸು. ಹದಿನೇಳು ವರ್ಷದ ಹಿಂದೆ, ಮಗನ ಮದುವೆ ಗೊತ್ತಾದ ವಾರದಲ್ಲಿ, ಅವರು ಹೊಸ ಬೀಗರನ್ನೆಲ್ಲ ಕರೆದುಕೊಂಡು ಬಂದಿದ್ದರು. ವಯಸ್ಸು ಐವತ್ತಮೂರು ಎಂದರು. ಮುಂದಿನ ಸೀಟಿನಲ್ಲಿ ಕೂತರು. ಕಂಬಿ ಎಳೆಯುತ್ತ ಪಿಲ್ನಾಮ್ ಕೇಳಿದರು. "ಡ್ರ್ಯಾಗನ್!" ಎಂದು ಪ್ಯೊ ಎದೆಯುಬ್ಬಿಸಿ ಕೂಗಿದರು, ಡ್ರ್ಯಾಗನ್ ರೈಲಿನಲ್ಲಿ ಡ್ರ್ಯಾಗನ್ ವರ್ಷದವನು ಎಂಬ ಖುಷಿಗೆ. ಐವತ್ತಾರಾಗಿತ್ತು. ಬೀಗರ ಕಣ್ಣೆದುರೇ ಇಳಿಯಬೇಕಾಯಿತು. ಅಂದಿನಿಂದ ಆ ಕುರ್ಚಿಯಲ್ಲಿ ತಲೆ ಕೊಟ್ಟ ಪ್ರತಿಯೊಬ್ಬ ಗಿರಾಕಿಗೂ ಈ ಕತೆ ಗೊತ್ತು.

ಪಿಲ್ನಾಮ್ ಹೇಳಿದ ಹಾಗೆ ಮೇ ಐದಕ್ಕೆ ರೈಲು ಹೊರಡಲಿಲ್ಲ. ಚಕ್ರಗಳ ಪೆಟ್ಟಿಗೆ ಹಡಗಿನಲ್ಲೇ ಉಳಿದಿತ್ತು. ಚಕ್ರ ಬರುವಾಗ ಮಳೆಗಾಲ ಬಂತು; ಜುಲೈ ಪೂರ್ತಿ ಕೆಂಪು ಹಳಿಯ ಮೇಲೆ ನೀರು ಸುರಿಯಿತು. ಆಗಸ್ಟಿನಲ್ಲಿ ಸೀಟುಗಳಿಗೆ ಮನುಷ್ಯರ ತೂಕದ ನೀರಿನ ಗೊಂಬೆಗಳನ್ನು ಕಟ್ಟಿ ಓಡಿಸಿದರು. ಆ ವಾರವೆಲ್ಲ ಪಿಲ್ನಾಮ್ ಮಧ್ಯಾಹ್ನದ ಊಟವನ್ನು ಬೇಲಿಯ ಪಕ್ಕದ ಬೆಂಚಿಗೆ ತಂದುಕೊಂಡರು. ತಲೆಯಿಲ್ಲದ ಗೊಂಬೆಗಳು ಗುಡ್ಡ ಹತ್ತಿ, ಒಂದು ಗಳಿಗೆ ತುದಿಯಲ್ಲಿ ನಿಂತು, ಸದ್ದಿಲ್ಲದೆ ಕೆಳಗೆ ಬೀಳುತ್ತಿದ್ದವು. ಯಾರೂ ಕಿರುಚದ ರೈಲನ್ನು ಅವರು ನೋಡಿದ್ದು ಅದೇ ಮೊದಲು. ತಪಾಸಣೆಯವರು ಎರಡು ಸಲ ಬಂದು ಎರಡು ಸಲವೂ ಇನ್ನೊಮ್ಮೆ ಬರುತ್ತೇವೆಂದು ಹೋದರು. ಕೊನೆಗೆ ಅಕ್ಟೋಬರಿನಲ್ಲಿ, ಸುಗ್ಗಿಯ ಚೂಸಾಕ್ ಹಬ್ಬ ಕಳೆದ ಮೇಲಿನ ಶನಿವಾರ ಉದ್ಘಾಟನೆ ಎಂದು ಗೊತ್ತಾಯಿತು. ಅದಕ್ಕೆ ಎರಡು ದಿನ ಮುಂಚೆ ಪೂಜೆ. ಪೂಜೆ ಮುಗಿದ ಮೇಲೆ ಪಾರ್ಕಿನ ಕೆಲಸಗಾರರಿಗೂ ಅಕ್ಕಪಕ್ಕದ ಅಂಗಡಿಯವರಿಗೂ ಮೊದಲ ಸವಾರಿ.

ನವೆಂಬರ್ ಇನ್ನೂ ಬಂದಿರಲಿಲ್ಲ. ಆದರೆ ಬಾಗಿಲಲ್ಲಿ ನಿಲ್ಲುವವಳು ಸೆಬೊಮ್, ಅವಳಿಗೆ ಆ ಪ್ರಶ್ನೆ ಕಲಿಸಿದವರು ಪಿಲ್ನಾಮ್.

"ಇಲಿ ಅನ್ನಿ ಅಕ್ಕ. ಎರಡಕ್ಷರ. ಅದೂ ಬರಲ್ವಾ?" ಎಂದಳು ಬೊಕ್ಸನ್. ಅವಳದು ಗೇಟಿನ ಬಳಿ ಒಮುಕ್ ಗಾಡಿ. ಮೀನಿನ ಹಿಟ್ಟಿನ ಹಾಳೆಗಳನ್ನು ಕಡ್ಡಿಗೆ ಚುಚ್ಚಿ ಬಿಸಿ ಸಾರಿನಲ್ಲಿ ಅದ್ದಿಡುತ್ತಾಳೆ. ಪಿಲ್ನಾಮ್ ಅವರ ಹಳೆಯ ಗೆಳತಿ, ವಯಸ್ಸಿನಲ್ಲಿ ಚಿಕ್ಕವಳು.

"ಬರತ್ತೆ. ಕೇಳು."

"ಈಗ ಕೇಳಿದ್ರೆ ಯಾರಾದ್ರೂ ಹೇಳ್ತಾರೆ. ನೀವು ಕೇಳ್ತಿದ್ದ ಹಾಗೆ ಕೇಳ್ಬೇಕು." ಬೊಕ್ಸನ್ ಸಾರು ಕಲಕಿದಳು. ಮೂಲಂಗಿ ತುಂಡು ತಿರುವಿ ಹಾಕಿದಳು. "ಮಗರಾಯ ಗ್ಯೂಸಿಕ್ ಫೋನ್ ಮಾಡಿದ್ನಾ ಉಲ್ಸಾನಿಂದ?"

"ನಿನ್ನೆ ಮಾಡಿದ್ದ. ಹಬ್ಬಕ್ಕೆ ಲಾರಿ ಬಿಟ್ಟು ಬರಕ್ಕಾಗಲ್ವಂತೆ."

"ಅಯ್ಯೋ ಪಾಪ. ಸಾರು ತಗೊಳಿ. ಯಾವ ಪ್ರಾಣಿ?"

"ನಾಯಿ."

"ಸತ್ರಿ!" ಬೊಕ್ಸನ್ ಸೌಟಿನಿಂದ ಗಾಡಿ ಬಡಿದಳು. ಪಕ್ಕದಲ್ಲಿ ತಿನ್ನುತ್ತಿದ್ದ ಹೈಸ್ಕೂಲು ಹುಡುಗಿಯರು ಬೆಚ್ಚಿದರು. "ಇಳೀರಿ ಕೆಳಗೆ. ಮುಂದಿನವರು ಬನ್ನಿ."

ಸೆಪ್ಟೆಂಬರ್ ತಿಂಗಳೆಲ್ಲ ಇದೇ ನಡೆಯಿತು. ಬೊಕ್ಸನ್ ಬಸ್ ನಿಲ್ದಾಣದಲ್ಲಿ ಕೇಳಿದಳು, ಊರ ಹೆಂಗಸರೆಲ್ಲ ಹೋಗುವ ಸ್ನಾನದ ಮನೆಯಲ್ಲಿ ಬೆನ್ನುಜ್ಜುತ್ತ ಕೇಳಿದಳು, ಫೋನು ಮಾಡಿ ಹಲೋ ಎನ್ನುವ ಮೊದಲೇ ಕೇಳಿದಳು. ಹಬ್ಬದ ಹೊತ್ತಿಗೆ ಪಿಲ್ನಾಮ್ ನಿದ್ದೆಗಣ್ಣಿನಲ್ಲೂ ಇಲಿ ಎನ್ನುವಂತಾದರು. "ಈ ಮನೇಲಿ ಇಲಿ ಇದೆಯಾ?" ಎಂದು ಗಂಡ ಓಕ್‌ಚುಲ್ ಒಮ್ಮೆ ಎದ್ದು ಕೂತು ಕೇಳಿದರು.

ಓಕ್‌ಚುಲ್ ಅವರಿಗೆ ಹೆಂಡತಿಯ ಈ ಆಸೆ ಅರ್ಥವಾಗುತ್ತಿರಲಿಲ್ಲ. ಅವರಿಗೆ ಎತ್ತರ ಎಂದರೆ ಆಗದು. ಸ್ವಂತ ತೋಟದ ಪರ್ಸಿಮನ್ ಹಣ್ಣನ್ನೂ ಏಣಿ ಹತ್ತದೆ ಉದ್ದದ ಗಳದಲ್ಲೇ ಕೀಳುವವರು.

"ಅಷ್ಟು ಮೇಲೆ ಹೋಗಿ ಏನ್ ನೋಡ್ತೀಯಾ?"

"ಎಲ್ಲಾರ್ದೂ ಮುಖ ಬದಲಾಗಿ ಬರತ್ತಲ್ಲ, ಯಾಕೆ ಅಂತ ನೋಡ್ತೀನಿ."

"ಹೇಗೂ ಹೋಗ್ತೀಯಲ್ಲ, ನಮ್ಮನೆ ಮಾಡು ಕಾಣತ್ತಾ ನೋಡ್ಕೊಂಡ್ ಬಾ. ಮಳೇಲಿ ಹೆಂಚು ಜಾರಿದೆ ಅನ್ಸತ್ತೆ. ಅಟ್ಟದಲ್ಲಿ ನೀರು ತೊಟ್ಟಿಕ್ತಿದೆ."

ಪೂಜೆಯ ಹಿಂದಿನ ದಿನ ಪಿಲ್ನಾಮ್ ಕೂದಲು ಗುಂಗುರು ಮಾಡಿಸಿಕೊಂಡು ಬರುವಾಗ ಪ್ಯೊ ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಪೊರಕೆಯಿತ್ತು, ಗುಡಿಸುತ್ತಿರಲಿಲ್ಲ.

"ಏನಮ್ಮ ಗ್ಯೂಸಿಕ್ ತಾಯಿ, ನಾಳೆ ಸವಾರಿನಂತೆ?"

"ಹೌದು ಯಜಮಾನ್ರೆ. ನೀವೂ ಪೂಜೆಗೆ ಬನ್ನಿ."

"ಬರ್ದೆ ಇರ್ತೀನಾ? ಹತ್ತಕ್ಕಲ್ಲಪ್ಪ, ನನಗೆ ಎಪ್ಪತ್ತಮೂರು. ಬಾಗಿಲ ಪಕ್ಕ ನಿಂತ್ಕೊಂಡು ಕೇಳಿಸ್ಕೊಳಕ್ಕೆ. ನಾಯಿ ಇಲಿ ಆಗೋದನ್ನ ಈ ವಯಸ್ಸಲ್ಲಾದ್ರೂ ನೋಡ್ಬೇಕಲ್ಲ."

"ಚೀಟೀಲಿ ಇರೋದು ಸುಳ್ಳಲ್ಲ."

"ನಾನೂ ಅವತ್ತು ಚೀಟಿ ತಂದಿರ್ಲಿಲ್ಲಮ್ಮ," ಎಂದು ಪ್ಯೊ ಪೊರಕೆ ಗೋಡೆಗೊರಗಿಸಿದರು. "ನೀನೂ ಕೇಳ್ಲಿಲ್ಲ."

ಗುರುವಾರ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಪ್ಲಾಟ್‌ಫಾರಮಿನ ಕೆಳಗೆ ಮೇಜು ಹಾಕಿ, ಕೆಂಪು ಕಾಳು ಉದುರಿಸಿದ ಅಕ್ಕಿ ಕಡುಬು, ಹಣ್ಣು, ನಡುವೆ ಬೇಯಿಸಿದ ಹಂದಿಯ ತಲೆ ಇಟ್ಟಿದ್ದರು. ನಗುಮುಖದ ತಲೆಯೇ ಬೇಕೆಂದು ನಿರ್ದೇಶಕರು ಮಾಂಸದಂಗಡಿಗೆ ತಾವೇ ಹೋಗಿ ಆರಿಸಿದ್ದರಂತೆ. ಅವರು ಮಂಡಿಯೂರಿ ಅಡ್ಡಬಿದ್ದು, ಹಂದಿಯ ಬಾಯಿಗೆ ಕಾಣಿಕೆಯ ದುಡ್ಡಿನ ಲಕೋಟೆ ಸಿಕ್ಕಿಸಿದರು. ಎಂಜಿನಿಯರ್ ಮೊದಲ ಕಂಬದ ಬುಡಕ್ಕೆ ಅಕ್ಕಿ ಹೆಂಡ ಸುರಿದ. ಬಿಳಿ ದಾರ ಸುತ್ತಿದ ಒಣಮೀನನ್ನು ರೈಲು ಓಡಿಸುವ ಗುಂಡಿಗಳಿರುವ ಕೋಣೆಯ ಬಾಗಿಲ ಮೇಲೆ ಕಟ್ಟಿದರು. ಎಲ್ಲರೂ ಕಡುಬು ತಿಂದರು. ಆಮೇಲೆ ಸಾಲು ನಿಂತಿತು.

ಪಿಲ್ನಾಮ್ ಸಾಲಿನ ನಡುವೆ ಇದ್ದರು. ಹೊಸ ಬೂಟು, ಬಿಗಿದ ಲೇಸು. ಟೋಪಿ ಮನೆಯಲ್ಲೇ ಬಿಟ್ಟಿದ್ದರು. ಚೀಟಿ ಕೈಯಲ್ಲೇ ಇತ್ತು. ಹಿಂದೆ ನಿಂತ ಬೊಕ್ಸನ್ ಅವರ ಬೆನ್ನಿಗೆ ಬೆರಳು ಚುಚ್ಚಿ "ಇಲಿ, ಇಲಿ" ಎಂದು ಪಿಸುಗುಟ್ಟುತ್ತಿದ್ದಳು. ಬಾಗಿಲ ಪಕ್ಕದ ಕಂಬಕ್ಕೆ ಒರಗಿ ಪ್ಯೊ ದಾಲ್ಸು ಕಡುಬು ಅಗಿಯುತ್ತಿದ್ದರು.

ಸೆಬೊಮ್ ಹಸಿರು ಜಾಕೆಟ್ ತೊಟ್ಟು ಬಾಗಿಲಲ್ಲಿದ್ದಳು. ತಲೆ ನರೆತವರ ಕೈಯಿಂದ ಚೀಟಿ ತೆಗೆದುಕೊಳ್ಳುವಳು, ಚೀಟಿಯ ಕಡೆ ನೋಡುತ್ತಲೇ ಪ್ರಾಣಿ ಕೇಳುವಳು, ಎರಡೂ ತಾಳೆಯಾದರೆ ಒಳಗೆ ಬಿಡುವಳು. ತೋಟದ ಮಾಲಿ ಕುರಿ ಎಂದ, ಹೋದ. ಟಿಕೆಟ್ ಮನೆಯ ಹೆಂಗಸು ಕೋತಿ ಎಂದಳು, ಹೋದಳು. ಮುಂದಿನ ಕೈ ಚಾಚಿತು. ಸೆಬೊಮ್ ತಲೆಯೆತ್ತದೆ ಚೀಟಿ ತೆಗೆದುಕೊಂಡಳು.

"ಯಾವ ಪ್ರಾಣಿ?"

"ನಾಯಿ," ಎಂದರು ಪಿಲ್ನಾಮ್.

ಬೊಕ್ಸನ್ ಹಿಂದಿನಿಂದ "ಅಯ್ಯೋ" ಎಂದಳು. ಸೆಬೊಮ್ ಆಗ ತಲೆಯೆತ್ತಿದಳು. ಯಾರನ್ನು ಕೇಳಿದೆನೆಂದು ತಿಳಿದು ಅವಳ ಕಿವಿ ಕೆಂಪಾಯಿತು.

"ಚಿಕ್ಕಮ್ಮ, ರೂಢಿಗೆ ಕೇಳ್ಬಿಟ್ಟೆ. ಚೀಟಿ ಸರಿಯಿದೆ. ಬನ್ನಿ, ಬನ್ನಿ ಒಳಗೆ."

"ನಿಮ್ಮ ಚೀಟೀಲಿ ಇರೋದೇ ನಿಮ್ಮ ವಯಸ್ಸು ಅಮ್ಮ," ಎಂದರು ನಿರ್ದೇಶಕರೂ, ಬಾಯಿ ಒರೆಸಿಕೊಳ್ಳುತ್ತ. "ಕಾನೂನು ಅದನ್ನೇ ಕೇಳೋದು. ಹತ್ತಿ."

ಪಿಲ್ನಾಮ್ ಪ್ಯೊ ಅವರ ಕಡೆ ನೋಡಿದರು. ಪ್ಯೊ ನಗಲೆಂದು ಬಾಯಿ ತೆರೆದಿದ್ದರು, ಹಾಗೇ ಮುಚ್ಚಿಕೊಂಡರು.

"ಹತ್ತಮ್ಮ," ಎಂದರು ಕಡುಬು ನುಂಗಿ. "ನಾನೇನೂ ಕೇಳಿಸ್ಕೊಳ್ಲಿಲ್ಲ. ಈ ಕಿವಿ ಮಂದ."

"ಹದಿನೇಳು ವರ್ಷ ಊರಿಗೆಲ್ಲ ಹೇಳಿದ ಬಾಯಿ, ಈಗ ಕಿವಿ ಮಂದ ಅನ್ನತ್ತಾ?"

"ಹಳೇ ಮಾತು ಬಿಡು."

"ನಿಮ್ಮನ್ನ ಬೀಗರ ಮುಂದೆ ಇಳಿಸಿದೋಳು ನಾನು ಯಜಮಾನ್ರೆ. ಇವತ್ತು ನಿಮ್ಮ ಮುಂದೆ ಹತ್ತಿ ಕೂತ್ರೆ ರೈಲು ಮೇಲೆ ಹೋಗೋದೂ ಬೇಡ, ತಿಂದ ಕಡುಬು ಇಲ್ಲೇ ವಾಂತಿ ಆಗತ್ತೆ." ಅವರು ಸೆಬೊಮ್‌ಳ ಕೈಯಿಂದ ಚೀಟಿ ವಾಪಸ್ಸು ತೆಗೆದುಕೊಂಡು ಜೇಬಿಗಿಟ್ಟರು. "ಕೊಡೇ ಆ ಜಾಕೆಟ್. ನೀನು ಹತ್ತು."

"ನಾನಾ? ಇಲ್ಲಿ ಯಾರು ನಿಲ್ತಾರೆ?"

"ಇಲ್ಲಿ ಯಾರು ನಿಲ್ತಾರೆ ಅಂತ ನಾನೂ ಇಪ್ಪತ್ತೇಳು ವರ್ಷ ಅಂದೆ. ಹತ್ತು ಅಂದ್ನಲ್ಲ."

ಸೆಬೊಮ್ ಮುಂದಿನ ಸೀಟಿನಲ್ಲಿ ಕೂತಳು, ಪಕ್ಕದಲ್ಲಿ ಬೊಕ್ಸನ್. ಎಂಜಿನಿಯರ್ ಕಂಬಿಗಳನ್ನು ನೋಡಿಕೊಂಡು ಬಂದ. ಅವನು ಬಂದ ಮೇಲೆ ಪಿಲ್ನಾಮ್ ಇನ್ನೊಮ್ಮೆ ಒಂದೊಂದನ್ನೂ ಎಳೆದು ನೋಡಿದರು. ಬೇಡವೆಂದು ಯಾರೂ ಹೇಳಲಿಲ್ಲ. ರೈಲು ಹೊರಟಿತು. ಅವರು ಎರಡೂ ಕೈ ಎತ್ತಿ, ಕೊನೆಯ ಸೀಟು ತಿರುವಿನಲ್ಲಿ ಮರೆಯಾಗುವವರೆಗೆ ಬೀಸಿದರು. ಕಂಬದ ಪಕ್ಕ ನಿಂತಿದ್ದ ಪ್ಯೊ, ತಮಗೇ ತಿಳಿಯದೆಂಬಂತೆ, ಒಂದು ಕೈ ಎತ್ತಿದ್ದರು. ಮೇಲೆ ಸರಪಳಿಯ ಸದ್ದು ಕಟಕಟ ಎಂದು ಬಹಳ ಹೊತ್ತು ಕೇಳಿತು. ಆಮೇಲೆ ನಿಂತಿತು. ಆಮೇಲೆ ಊರಿಗೆಲ್ಲ ಕೇಳುವಂತೆ ಬೊಕ್ಸನ್‌ಳ ಕೂಗು.

ಅವಳು ವಾಪಸ್ಸು ಬಂದಾಗ ಮುಖ ಬೇರೆಯೇ ಆಗಿತ್ತು. ಮಧ್ಯಾಹ್ನ ಗಾಡಿಯ ಬಳಿ ಕೂತಾಗಲೂ ಅದು ಪೂರ್ತಿ ತನ್ನ ಜಾಗಕ್ಕೆ ಬಂದಿರಲಿಲ್ಲ.

"ಬೇಕಂತಲೇ ಅಂದ್ರಿ ನೀವು," ಎಂದಳು.

"ಬಾಯಿ ಜಾರಿತು."

"ಸುಳ್ಳು. ನಿನ್ನೆ ರಾತ್ರಿ ಫೋನ್ ಮಾಡಿ ಕೇಳ್ದಾಗ ಇಲಿ ಅಂದ್ರಿ. ಬೆಳಿಗ್ಗೆ ಬಸ್ಸಲ್ಲೂ ಇಲಿ ಅಂದ್ರಿ."

"ನೀನು ಕೇಳಿದ್ರೆ ಇಲಿ ಬರತ್ತೆ. ಅವಳು ಕೇಳಿದ್ಲು, ನಾಯಿ ಬಂತು. ನಾನೇನು ಮಾಡ್ಲಿ?"

"ಹುಚ್ಚಿ," ಎಂದು ಬೊಕ್ಸನ್ ಎರಡು ಕಡ್ಡಿ ಒಮುಕ್ ಅವರ ಮುಂದಿಟ್ಟಳು. "ಇನ್ನು ಮುಂದಿನ ತಿಂಗಳು ಚೀಟೀಲೂ ಅರವತ್ತೈದು. ಮುಗೀತು."

"ಮುಗೀತು," ಎಂದು ಪಿಲ್ನಾಮ್ ಒಪ್ಪಿಕೊಂಡು ಸಾರು ಊದಿದರು. ಒಂದು ಕಡ್ಡಿ ತಿಂದು ಇನ್ನೊಂದನ್ನು ಹಾಗೇ ಬಿಟ್ಟರು. ಗುಡ್ಡದ ಕಡೆ ಬೆನ್ನು ಮಾಡಿ ಕೂತಿದ್ದರು.

ಆಗ ಸೆಬೊಮ್ ಬಂದಳು. ಕೂದಲು ಇನ್ನೂ ಹಿಂದಕ್ಕೇ ನಿಂತಿತ್ತು. ಜಾಕೆಟ್ ವಾಪಸ್ಸು ಕೇಳಲು ಬಂದವಳು ಕೇಳಲಿಲ್ಲ. ಶನಿವಾರ, ಭಾನುವಾರ ಪ್ಲಾಟ್‌ಫಾರಂ ಮೇಲೆ ಜನ ಸಾಲದು, ಕುದುರೆಗಳನ್ನು ಬೇರೆ ಯಾರಾದರೂ ಒರೆಸಲಿ ಎಂದು ನಿರ್ದೇಶಕರು ಹೇಳಿದ್ದನ್ನು ತಿಳಿಸಿದಳು. ಪಿಲ್ನಾಮ್ ಶನಿವಾರಕ್ಕೆ ಒಪ್ಪಿದರು.

"ಭಾನುವಾರ?"

"ನೋಡ್ತೀನಿ."

"ಮತ್ತೆ ಚಿಕ್ಕಮ್ಮ, ಚಿಕ್ಕಪ್ಪ ಬೆಳಿಗ್ಗೆ ಫೋನ್ ಮಾಡಿ ನನಗೂ ಹೇಳಿದ್ರು, ಯಾವತ್ತಾದ್ರೂ ಹತ್ತಿದ್ರೆ ಮಾಡು ನೋಡು ಅಂತ. ತುದೀಲಿ ರೈಲು ಒಂದ್ ಗಳಿಗೆ ನಿಲ್ಲತ್ತಲ್ಲ, ಆಗ ಕಾಣ್ತು. ತೋಟದ ಕಡೆಯ ಮೂಲೇಲಿ ನಾಲ್ಕೈದು ಹೆಂಚು ಜಾರಿವೆ. ಕಪ್ಪಗೆ ತೂತು ಕಾಣತ್ತೆ."

ಪಿಲ್ನಾಮ್ ಉಳಿದ ಕಡ್ಡಿಯನ್ನು ಕೈಗೆತ್ತಿಕೊಂಡರು.

"ಹಾಗಾದ್ರೆ ಭಾನುವಾರ ಬರಲ್ಲ," ಎಂದರು.

ಓಕ್‌ಚುಲ್ ಏಣಿ ಹತ್ತುವುದಿಲ್ಲ. ಪಕ್ಕದ ತೋಟದಿಂದ ಉದ್ದದ ಏಣಿ ಕೇಳಿಯಾಗಿದೆ, ಹೆಂಚು ಅಂಗಳಕ್ಕೆ ಬಂದಿವೆ. ಭಾನುವಾರ ಬೆಳಿಗ್ಗೆ ಅವರು ಕೆಳಗೆ ಏಣಿ ಹಿಡಿದುಕೊಳ್ಳುತ್ತಾರೆ. ಪಿಲ್ನಾಮ್ ಮಾಡು ಹತ್ತುತ್ತಾರೆ.